ಓದದೆ ತಿದ್ದಿದ ಪ್ರಶ್ನೆಪತ್ರಿಕೆ

ಪಕ್ಕದ ಬೀದಿಯ ಪ್ರೆಸ್ಸಿನ ಮೆಷಿನ್ನು ಅವತ್ತೇ ಕೆಟ್ಟು ಕೂರದಿದ್ದರೆ ಪ್ರೂಫಣ್ಣನಿಗೆ ಯಾವ ಕಷ್ಟವೂ ಬರುತ್ತಿರಲಿಲ್ಲ. ಅದು ಕೆಟ್ಟಿತು. ಹಾಗಾಗಿ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಪಾದ್ರಿಗಳು ಕಂದು ಲಕೋಟೆಯೊಂದನ್ನು ಎದೆಗವಚಿಕೊಂಡು, ಪ್ರೂಫಣ್ಣ ಕೆಲಸ ಮಾಡುವ ಪ್ರೆಸ್ಸಿನ ಮೆಟ್ಟಿಲು ಹತ್ತಿದರು.

ಲಕೋಟೆಯಲ್ಲಿದ್ದದ್ದು ಚರ್ಚಿನ ಸಭೆಯ ವಾರ್ಷಿಕ ಜ್ಞಾನ ಪರೀಕ್ಷೆಯ ಪ್ರಶ್ನೆಪತ್ರಿಕೆ. ಪ್ರತಿ ವರ್ಷ ಅದು ಪಕ್ಕದ ಬೀದಿಯಲ್ಲೇ ಅಚ್ಚಾಗುತ್ತಿತ್ತು. ಪರೀಕ್ಷೆ ಅದೇ ಸಂಜೆ ಐದಕ್ಕೆ. ಕೂರುವವರು ಎಂಬತ್ತು ಮಂದಿ. ಆ ಎಂಬತ್ತರಲ್ಲಿ ಪ್ರೂಫಣ್ಣನೂ ಒಬ್ಬ.

ಮೊದಲ ಸ್ಥಾನ ಬಂದವರಿಗೆ ಬಹುಮಾನದ ಕಪ್, ಶಾಲು ಏನೂ ಇಲ್ಲ. ಒಂದು ವರ್ಷ ಪೂರ್ತಿ ಭಾನುವಾರದ ಆರಾಧನೆಯಲ್ಲಿ ಎಲ್ಲರ ಮುಂದೆ ನಿಂತು ಧರ್ಮಗ್ರಂಥದ ಪಾಠ ಓದುವ ಹಕ್ಕು ಅವರದು, ಅಷ್ಟೆ. ಐದು ವರ್ಷದಿಂದ ಆ ಹಕ್ಕು ಪ್ರೂಫಣ್ಣನ ಮಾವನ ಕೈಯಲ್ಲಿತ್ತು. ಮಾವ ನಿವೃತ್ತ ಮೇಷ್ಟ್ರು. ಓದುವಾಗ ಪೂರ್ಣವಿರಾಮ ಇದ್ದಲ್ಲಿ ನಿಲ್ಲದೆ ಓಡುವರು, ಇಲ್ಲದ ಕಡೆ ನಿಂತು ಕೆಮ್ಮುವರು. ಇಪ್ಪತ್ತೆರಡು ವರ್ಷ ಊರವರ ವಿರಾಮಚಿಹ್ನೆ ತಿದ್ದಿದ ಪ್ರೂಫಣ್ಣನಿಗೆ ಪ್ರತಿ ಭಾನುವಾರವೂ ಬೂಟಿನೊಳಗೆ ಕಲ್ಲು ಸೇರಿದಂತಾಗುತ್ತಿತ್ತು. ಒಂದೇ ಒಂದು ವರ್ಷ ತಾನು ಓದಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು ಎಂಬುದು ಅವನ ಆಸೆ. ಅದಕ್ಕಾಗಿ ನಾಲ್ಕು ತಿಂಗಳು ಓದಿದ್ದ. ಹೆಂಡತಿ ಆಗಲೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ನೇತುಹಾಕಿದ್ದಳು.

"ಇದು ಪ್ರೂಫಣ್ಣನ ಕಣ್ಣಿಗೆ ಬೀಳಬಾರ್ದು, ಅವನೂ ಪರೀಕ್ಷೆಗೆ ಕೂರ್ತಾನೆ," ಎಂದರು ಪಾದ್ರಿಗಳು.

"ಅದು ಆಗದ ಮಾತು ಸ್ವಾಮಿ," ಎಂದ ಮಾಲೀಕ. "ಅವನು ಸಹಿ ಹಾಕದೆ ಇಲ್ಲಿಂದ ಒಂದು ಚೀಟಿನೂ ಹೊರಗೆ ಹೋಗಲ್ಲ. ಹೋದ ತಿಂಗಳು ಅವನು ರಜೆ ಹಾಕಿದ್ದ ದಿನ ಒಂದು ಮದುವೆ ಕಾಗದದಲ್ಲಿ ಹುಡುಗನ ಜಾಗಕ್ಕೆ ಹುಡುಗನ ಅಪ್ಪನ ಹೆಸರು ಬಿತ್ತು. ಎರಡೂ ಕಡೆಯವರು ಬಂದು ನನ್ನನ್ನೇ ಅಚ್ಚಿಗೆ ಹಾಕೋದೊಂದು ಬಾಕಿ ಇತ್ತು."

ಪಾದ್ರಿಗಳು ಗಡಿಯಾರ ನೋಡಿದರು. ಪ್ರೂಫಣ್ಣನ ಹೆಗಲ ಮೇಲೆ ಕೈಯಿಟ್ಟರು. "ಆಸೆ ತೋರಿಸಿ ಪರೀಕ್ಷಿಸೋ ಶೋಧನೆ ತಾನಾಗೇ ಬಂದು ನಿನ್ನ ಮೇಜಿನ ಮೇಲೆ ಕೂತಿದೆ ಕಣಪ್ಪಾ. ದೇವರು ಮೆಚ್ಚೋ ಜ್ಞಾನ ಯಾವುದು ಅಂತ ನೀನೇ ಆರಿಸ್ಕೊ," ಎಂದು ಹೇಳಿ ಹೋದರು.

ಮಾಲೀಕ ಎರಡೇ ಬೆರಳಲ್ಲಿ ಕುಟ್ಟುವವನು. ಲಕೋಟೆಯೊಳಗೆ ಇದ್ದದ್ದನ್ನೆಲ್ಲ ಒಂದೂ ಬಿಡದೆ ಕುಟ್ಟಿ, ಹನ್ನೆರಡಕ್ಕೆ ಮೂರು ಪುಟದ ಪ್ರೂಫನ್ನು ಪಾದ್ರಿಗಳ ಕೈಬರಹದ ಜೊತೆ ತಂದು ಕವುಚಿ ಇಟ್ಟ. ಪ್ರೂಫಣ್ಣ ಅದನ್ನು ಮುಟ್ಟದೆ ಕೈಕಟ್ಟಿ ಕೂತ.

"ಯಾಕಣ್ಣಾ, ಅದೇನು ಕಚ್ಚುತ್ತಾ?" ಎಂದಳು ಬೈಂಡಿಂಗ್ ಅಕ್ಕ, ಹಾಳೆ ಮಡಿಸುತ್ತಲೇ. "ನಾಲ್ಕು ತಿಂಗಳು ಬೇಡಿಕೊಂಡೆ ಅಂತೀಯ. ದೇವರು ಕೇಳಿಸ್ಕೊಂಡು ಪ್ರಶ್ನೆಪತ್ರಿಕೆನೇ ಮೇಜಿಗೆ ಕಳಿಸಿದ್ದಾನೆ. ಬೇಡ ಅಂದ್ರೆ ಅವನಿಗೆ ಬೇಜಾರಾಗಲ್ವಾ?"

"ಕಳಿಸಿದವನು ಅವನಲ್ಲ, ಇನ್ನೊಬ್ಬ," ಎಂದ ಮೆಷಿನ್ ಮಾಮ, ಮಸಿಯ ಕೈ ಒರೆಸಿಕೊಳ್ಳುತ್ತ. "ತೋಟದಲ್ಲಿ ಹಣ್ಣು ಕೊಟ್ಟವನೂ ಹಿಂಗೇ, ಕೇಳದೇ ತಂದುಕೊಟ್ಟಿದ್ದು."

"ಸೈತಾನ ಪಾದ್ರಿಗಳ ಕೈಲಿ ಕಳಿಸ್ತಾನಾ?"

"ಅವನಿಗೆ ಪೋಸ್ಟ್‌ಮ್ಯಾನ್ ಯಾರಾದ್ರೇನು?"

ಪ್ರೂಫಣ್ಣನಿಗೆ ಇಬ್ಬರ ಮಾತೂ ಸರಿ ಅನಿಸಿತು. ಯಾರದೇ ಮಾತು ಕೇಳಿದರೂ ಸರಿ ಅನಿಸುವುದು ಅವನ ಹಳೆಯ ಕಾಯಿಲೆ. ನೋಡಿದರೆ ಪಾಪ. ನೋಡದೆ ಸಹಿ ಹಾಕಿದರೆ ಸುಳ್ಳು, ಅದೂ ಪಾಪ. ಕಣ್ಣುಮುಚ್ಚಿ, "ಸ್ವಾಮಿ, ನಂಗೆ ಜ್ಞಾನ ಕೊಡು. ಆದ್ರೆ ಈ ಕಾಗದದಲ್ಲಿರೋದು ಮಾತ್ರ ಬೇಡ," ಎಂದು ಪ್ರಾರ್ಥಿಸಿದ.

ಆಗ ಹೊಳೆಯಿತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಹಿರಿಯರು, ಅರ್ಥದ ಹಿಂದೆ ಕಣ್ಣು ಓಡಬಾರದೆಂದು, ಪುಟವನ್ನು ಕೊನೆಯಿಂದ ಮೊದಲಿಗೆ ತಿದ್ದುತ್ತಿದ್ದರು. ಪ್ರೂಫಣ್ಣ ಎರಡು ರಟ್ಟಿನ ಚೂರು ತೆಗೆದುಕೊಂಡು, ಪ್ರೂಫಿಗೊಂದು, ಕೈಬರಹಕ್ಕೊಂದು ಎಂದು, ಬ್ಲೇಡಿನಿಂದ ಒಂದೇ ಒಂದು ಅಕ್ಷರ ಕಾಣುವಷ್ಟು ಕಿಟಕಿ ಕೊರೆದ. ಪುಟದ ಕೆಳಗಿನ ಬಲಮೂಲೆಯಿಂದ ಶುರುಮಾಡಿ, ಎರಡೂ ಕಿಟಕಿಗಳನ್ನು ಎಡಕ್ಕೆ ಎಡಕ್ಕೆ ಜರುಗಿಸತೊಡಗಿದ. ಅಕ್ಷರ ಸರಿ. ಅಕ್ಷರ ಸರಿ. ಕೊಂಬು ಸರಿ. ಅಷ್ಟಾದರೂ ಹಾಳು ತಲೆ ಅಕ್ಷರಗಳನ್ನು ತಿರುಗಿಸಿ ಪದ ಕಟ್ಟಲು ಹೋಗುತ್ತಿತ್ತು. ಕಟ್ಟದಿರಲೆಂದು ಗಟ್ಟಿಯಾಗಿ ಏಳರ ಮಗ್ಗಿ ಹೇಳಿಕೊಂಡ.

"ಹೋಯ್ತು, ತಲೆ ಕೆಟ್ಟೋಯ್ತು," ಎಂದಳು ಬೈಂಡಿಂಗ್ ಅಕ್ಕ.

ಏಳೇಳಲ ನಲವತ್ತೊಂಬತ್ತರ ಹೊತ್ತಿಗೆ ಮಾವ ಒಳಗೆ ಬಂದರು.

"ಏನು ಅಳಿಯಂದಿರೇ, ಇಲ್ಲೇ ಹೋಗ್ತಿದ್ದೆ, ನೀರು ಕುಡಿಯೋಣ ಅಂತ ಬಂದೆ," ಎಂದು, ನೀರಿನ ಹೂಜಿಗೆ ಬೆನ್ನು ಮಾಡಿ ಮೇಜಿನ ಮೇಲೆ ಬಗ್ಗಿದರು. ಪ್ರೂಫಣ್ಣ ದಡಬಡಿಸಿ ಪ್ರೂಫನ್ನೂ ಕೈಬರಹವನ್ನೂ ಕುರ್ಚಿಗೆ ಹಾಕಿ ಅವುಗಳ ಮೇಲೆ ಕೂತುಬಿಟ್ಟ.

"ಅಯ್ಯೋ, ನಾನೇನು ಪ್ರಶ್ನೆ ಕೇಳಿದ್ನಾ? ಅಕ್ಷರ ಎಷ್ಟು ದಪ್ಪ ಅಂತ ನೋಡೋಣ ಅಂದ್ಕೊಂಡೆ, ನನ್ನ ಕಣ್ಣಿಗೆ ಕಷ್ಟ ನೋಡು. ಸ್ವಲ್ಪ ಎದ್ದೇಳಪ್ಪಾ."

"ಏಳೋಕಾಗಲ್ಲ ಮಾವ. ಸೊಂಟ ಹಿಡ್ಕೊಂಡಿದೆ."

ಮಾವ ಮೂರು ಲೋಟ ನೀರು ಕುಡಿಯುತ್ತ ಮುಕ್ಕಾಲು ಗಂಟೆ ಕಾದರು. ಅಷ್ಟೂ ಹೊತ್ತು ಪ್ರೂಫಣ್ಣ ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಅಲ್ಲಾಡದೆ ಕೂತಿದ್ದ. ಕೊನೆಗೆ ಅವರು, "ದೊಡ್ಡವರಿಗೆ ಎದ್ದು ನಿಲ್ಲೋ ಮರ್ಯಾದೆನೂ ಇಲ್ಲ. ಮಗಳ ಹತ್ರ ಹೇಳ್ತೀನಿ," ಎಂದು ಹೊರಟುಹೋದರು.

ಎರಡೂವರೆಗೆ ಪ್ರೂಫ್ ಮುಗಿಯಿತು. ಮೂರು ತಪ್ಪು ಸಿಕ್ಕಿದ್ದವು. ಎರಡು ಕಡೆ ಅನುಸ್ವಾರದ ಸೊನ್ನೆ ಬಿಟ್ಟುಹೋಗಿತ್ತು. ಕೊನೆಯ ಪುಟದ ತಲೆಯಲ್ಲಿ ದಪ್ಪಕ್ಷರದ ಪದವೊಂದರಲ್ಲಿ ತ-ಕಾರಕ್ಕೆ ಒತ್ತು ಇರಲಿಲ್ಲ, ಸೇರಿಸಿದ. ಒಂದು ಪ್ರಶ್ನೆಯೂ ತಲೆಗೆ ಹೋಗಿರಲಿಲ್ಲ. ಸಹಿ ಹಾಕುವಾಗ ಅವನ ಮನಸ್ಸು ಒಗೆದು ಒಣಗಿಸಿದ ಬಟ್ಟೆಯಷ್ಟು ಹಗುರವಾಗಿತ್ತು.

ಸಂಜೆ ಐದಕ್ಕೆ ಸಭೆಯ ಹಾಲ್‌ನಲ್ಲಿ ಪತ್ರಿಕೆ ಹಂಚಿದರು. ಪ್ರೂಫಣ್ಣ ಮೊದಲ ಪುಟ ಓದಿದ. ಪ್ರಶ್ನೆಗಳೆಲ್ಲ ಹೊಸದಾಗಿ ಕಂಡವು, ಸಂತೋಷವಾಯಿತು. ಬಹಳಷ್ಟಕ್ಕೆ ಉತ್ತರವೂ ಗೊತ್ತಿತ್ತು, ಇನ್ನೂ ಸಂತೋಷವಾಯಿತು. ಎರಡನೆಯ ಪುಟ ಮುಗಿಸಿ ಮೂರನೆಯದಕ್ಕೆ ತಿರುಗಿಸಿದ.

ತಲೆಯ ಮೇಲೆ ದಪ್ಪಕ್ಷರದಲ್ಲಿ 'ಉತ್ತರಗಳು' ಎಂದಿತ್ತು. ಒತ್ತು ಅಚ್ಚುಕಟ್ಟಾಗಿ ಕೂತಿತ್ತು.

ಇದು ಮೆಷಿನ್ ಮಾಮನ ಕಿತಾಪತಿ, ತನ್ನ ಪ್ರತಿಗೆ ಮಾತ್ರ ಸೇರಿಸಿದ್ದಾನೆ ಎಂದುಕೊಂಡ. ಅಲ್ಲ, ಮಧ್ಯಾಹ್ನ ಸೋತ ಶೋಧನೆಯೇ ಬೆನ್ನುಬಿಡದೆ ಇಲ್ಲಿಗೂ ಬಂದಿದೆ. ಥಟ್ಟನೆ ಆ ಹಾಳೆಯನ್ನು ಮಡಿಸಿ ಅದರ ಮೇಲೆ ಕೂತ. ಅವತ್ತು ಕೂತು ಕೂತು ಅಭ್ಯಾಸವಾಗಿತ್ತು.

ಆದರೆ ಕಣ್ಣು ಕಂಡದ್ದನ್ನು ಕಂಡುಬಿಟ್ಟಿತ್ತು. ಈಗ ಯಾವ ಉತ್ತರ ನೆನಪಾದರೂ ಅದು ನಾಲ್ಕು ತಿಂಗಳ ಓದಿನಿಂದ ಬಂದದ್ದೋ, ತಾನು ಕೂತ ಹಾಳೆಯಿಂದ ಬಂದದ್ದೋ ತಿಳಿಯದಾಯಿತು. ಅನುಮಾನ ಬಂದದ್ದನ್ನೆಲ್ಲ ಹೊಡೆದುಹಾಕಿದ. ಹದಿನಾಲ್ಕನೆಯದಕ್ಕೆ ಅಳುಕುತ್ತ ಏನೋ ಒಂದು ಬರೆದ. ಸುತ್ತಲೂ ಎಪ್ಪತ್ತೊಂಬತ್ತು ಪೆನ್ನುಗಳು ಸರಸರ ಓಡುತ್ತಿದ್ದವು. ಯಾರೂ ಕೆಮ್ಮುತ್ತಿರಲಿಲ್ಲ, ಮಾವ ಕೂಡ.

ಎಂಟೂವರೆಗೆ ಪಾದ್ರಿಗಳು ತಿದ್ದಿ ಮುಗಿಸಿದ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಎದ್ದು ನಿಂತಾಗ ಅವರ ಮುಖ ಕಿವುಚಿದ ನಿಂಬೆಹಣ್ಣಿನಂತಿತ್ತು.

"ತಪ್ಪು ನನ್ನದು," ಎಂದರು. "ನಾನು ಬರ್ಕೊಂಡಿದ್ದ ಉತ್ತರದ ಹಾಳೆನೂ ಅದೇ ಲಕೋಟೆಯಲ್ಲಿತ್ತು. ಅಚ್ಚಾಗಿ ಎಲ್ಲರ ಕೈಗೂ ಬಂದಿದೆ. ಎಪ್ಪತ್ತೊಂಬತ್ತು ಜನ ಎಲ್ಲಾನೂ ಸರಿ ಬರೆದಿದ್ದೀರಿ. ಹದಿನಾಲ್ಕನೇದು ಬಿಟ್ಟು. ಅದರ ಉತ್ತರ ನಂಗೇ ಖಚಿತ ಇರಲಿಲ್ಲ. 'ಇದನ್ನು ಇನ್ನೊಮ್ಮೆ ನೋಡಬೇಕು' ಅಂತ ಬರ್ಕೊಂಡಿದ್ದೆ. ನೀವು ಎಪ್ಪತ್ತೊಂಬತ್ತು ಜನರೂ ಅದನ್ನೇ ಬರೆದಿದ್ದೀರಿ."

ಹಾಲ್ ಪೂರ್ತಿ ನೆಲ ನೋಡಿತು. ಮಾವ ಕನ್ನಡಕ ಒರೆಸಿಕೊಂಡರು.

"ಒಬ್ಬನೇ ಒಬ್ಬ ಆ ಹಾಳೆ ಮಡಿಸಿ ಅದರ ಮೇಲೆ ಕೂತ. ನಾನೇ ಕಣ್ಣಾರೆ ನೋಡ್ದೆ. ಎದ್ದು ನಿಲ್ಲು ಪ್ರೂಫಣ್ಣ."

ಪ್ರೂಫಣ್ಣ ಎದ್ದ. ಬಿಳಿ ಅಂಗಿ ಕಣ್ಣಮುಂದೆ ಬಂತು.

"ಸ್ವಾಮಿ, ಒಂದು ಮಾತು," ಎಂದು ಮಾವ ಎದ್ದರು. "ಪ್ರೂಫಿಗೆ ಸಹಿ ಹಾಕಿದ್ದು ಯಾರು? ಬೆಳಿಗ್ಗೆಯಿಂದ ಉತ್ತರ ನೋಡಿರೋನು ಇವನೊಬ್ಬನೇ ಅಲ್ವಾ?"

"ನೋಡಿದೆ ಮಾವ. ಆದ್ರೆ ಓದಲಿಲ್ಲ. ಒಂದೊಂದೇ ಅಕ್ಷರ, ಹಿಂದಿನಿಂದ ಮುಂದಕ್ಕೆ…"

"ಇವನ ಮಾತಲ್ಲಿ ನಂಗೆ ಅನುಮಾನವೇ ಇಲ್ಲ, ಯಾಕಂದ್ರೆ ಇವನಿಗೆ ಬಂದಿರೋದು ಏಳು ಅಂಕ," ಎಂದರು ಪಾದ್ರಿಗಳು. "ಉತ್ತರ ಓದಿದವನಿಗೆ ಏಳು ಬರುತ್ತಾ? ಇಂಥ ನಂಬಿಗಸ್ತ ನಮಗೆ ಎಲ್ಲಿ ಸಿಗ್ತಾನೆ? ಪಾಸಾಗೋಕೆ ಹತ್ತು ಬೇಕು, ಹಾಗಾಗಿ ಈ ವರ್ಷದ ಹಕ್ಕು ಕೊಡೋಕಾಗಲ್ಲ. ಮುಂದಿನ ಶನಿವಾರ ಮರುಪರೀಕ್ಷೆ. ಇನ್ಮೇಲೆ ಪ್ರತಿ ವರ್ಷದ ಪತ್ರಿಕೆನೂ ಇವನ ಕೈಯಲ್ಲೇ ಅಚ್ಚಾಗಬೇಕು. ಬೇರೆ ಯಾರ ಮೇಲೂ ನಂಗೆ ನಂಬಿಕೆ ಇಲ್ಲ."

ಚಪ್ಪಾಳೆ ಬಿತ್ತು. ಪ್ರೂಫಣ್ಣನ ಕಣ್ಣು ತುಂಬಿತು.

"ಆದ್ರೆ ಇವತ್ತಿನ ಗೊಂದಲ ಮತ್ತೆ ಆಗಬಾರ್ದು. ಪತ್ರಿಕೆ ನೋಡೋರು ಇನ್ನೆಂದೂ ಪರೀಕ್ಷೆಗೆ ಕೂರೋ ಹಾಗಿಲ್ಲ. ಇವತ್ತಿನಿಂದ ಅದೇ ನಿಯಮ."

ಈ ಸಲದ ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಮಾವನದು.

ಜನ ಕರಗಿದ ಮೇಲೆ ಪಾದ್ರಿಗಳು ಬಂದು, ಬೆಪ್ಪಾಗಿ ನಿಂತಿದ್ದ ಪ್ರೂಫಣ್ಣನ ಕೈಗೆ ಹೊಸದೊಂದು ಕಂದು ಲಕೋಟೆ ಇಟ್ಟರು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಒಂದೇ ಒಂದು ಉಪಕಾರ ಮಾಡಪ್ಪಾ. ಈ ಸಲ ದಯವಿಟ್ಟು ಓದು."