ಸಿರುಗುಪ್ಪದ ತನಕ ಹೋಗುವ ಹಾಡು

ನಮ್ಮ ಮಾಮನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಸರಿಗಮ ಆದ ಮೇಲೆ ಏನು ಬರುತ್ತದೆ ಎಂದು ಕೇಳಿದರೆ, ಅಷ್ಟಕ್ಕೇ ಮುಗಿಯಿತಲ್ಲ ಎನ್ನುವ ಆಸಾಮಿ. ಅಂಥವನು ಎಂಬತ್ತರ ದಶಕದಲ್ಲಿ ಐದಾರು ವರ್ಷ ಬಳ್ಳಾರಿಯ ಏಕಮೇವ ಸಂಗೀತ ವಿಮರ್ಶಕನಾಗಿದ್ದ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಕೌಲ್ ಬಜಾರಿನಲ್ಲಿ ಹೊಸ ಕ್ಯಾಸೆಟ್ ಕೊಳ್ಳುವ ಮಂದಿ ನಂಬಿದ್ದರು, ಅಷ್ಟು ಸಾಕು. ಡ್ರೈವರ್ ಸಾಹೇಬರು ಏನು ಬರೆದಿದ್ದಾರೆ ಎಂದು ಕೇಳದೆ ಅವರು ಕ್ಯಾಸೆಟ್ಟಿನ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ.

ಹೌದು, ಮಾಮ ಡ್ರೈವರು. ಬಳ್ಳಾರಿಯಿಂದ ಹೊರಟು, ಕುರುಗೋಡಿನ ಮೇಲೆ ಸುತ್ತು ಹಾಕಿ, ತೆಕ್ಕಲಕೋಟೆ ಹಾದು ಸಿರುಗುಪ್ಪ ಮುಟ್ಟುವ ಖಾಸಗಿ ಬಸ್ಸು ಅವನದು. ಅವನದು ಎಂದರೆ ಮಾಲೀಕರದು. ಆದರೆ ಅದನ್ನು ಮಾಮನಿಗೆ ನೆನಪಿಸುವ ಧೈರ್ಯ ಮಾಲೀಕರಿಗೇ ಇರಲಿಲ್ಲ. ಅವರು ಒಂದು ಶುಭ ಮುಹೂರ್ತದಲ್ಲಿ ಬಸ್ಸಿಗೆ ಟೇಪ್ ರೆಕಾರ್ಡರ್ ಕೂರಿಸಿದರು. ಅಂದಿನಿಂದ ನಮ್ಮ ಮಾಮ ಕೆಟ್ಟ.

ಹಾಡನ್ನು ಅಳೆಯಲು ಅವನು ಕಿವಿಯನ್ನು ಬಳಸುತ್ತಲೇ ಇರಲಿಲ್ಲ. ತಲೆಯ ಮೇಲೆ ಒಂದು ಉದ್ದನೆಯ ಕನ್ನಡಿ ಇತ್ತಲ್ಲ, ಅದರಲ್ಲಿ ಪ್ರಯಾಣಿಕರನ್ನು ನೋಡುತ್ತಿದ್ದ. ಯಾರ ಕಾಲು ಕುಣಿಯಿತು, ಯಾರು ತೂಕಡಿಸಿದರು, ಯಾವ ಕೂಸು ಅಳು ನಿಲ್ಲಿಸಿತು, ಎಲ್ಲ ಲೆಕ್ಕಕ್ಕೆ. ಬಸ್ಸು ವಾಪಸ್ ಬಳ್ಳಾರಿ ಸ್ಟ್ಯಾಂಡಿಗೆ ಬಂದ ಮೇಲೆ ಒಂದು ಸ್ಲೇಟಿನಲ್ಲಿ ಬಳಪದಿಂದ ತೀರ್ಪು ಬರೆದು ಬಸ್ಸಿನ ಹಿಂದಿನ ಏಣಿಗೆ ತೂಗುಬಿಡುತ್ತಿದ್ದ. ಅಂಕ ಗಿಂಕ ಇಲ್ಲ. ಸ್ಟಾಪಿನ ಹೆಸರು! ಹಾಡು ಸುಮಾರಾಗಿದ್ದರೆ ‘ಕೋಳೂರು’. ಪರವಾಗಿಲ್ಲ ಎಂದರೆ ‘ಕುರುಗೋಡು’. ಚೆನ್ನಾಗಿದ್ದರೆ ‘ತೆಕ್ಕಲಕೋಟೆ’. ಬಹಳ ಚೆನ್ನಾಗಿದ್ದರೆ ‘ಸಿರುಗುಪ್ಪ’. ತೀರಾ ಕೆಟ್ಟದ್ದಾದರೆ ‘ಸ್ಟ್ಯಾಂಡ್ ಬಿಟ್ಟಿಲ್ಲ’. ಇಷ್ಟು ಸರಳವಾದ ವಿಮರ್ಶಾ ಪದ್ಧತಿಯನ್ನು ನಾನು ಎಂ.ಎ. ಓದುವಾಗಲೂ ಕಾಣಲಿಲ್ಲ.

ಒಮ್ಮೆ ಒಂದು ವಿರಹಗೀತೆಗಳ ಕ್ಯಾಸೆಟ್ ಬಂತು. ಬಳ್ಳಾರಿ ದಾಟುವುದರೊಳಗೆ ಮುಂದಿನ ಮೂರು ಸಾಲು ಮಲಗಿದವು. ಆಮೇಲೆ ಒಬ್ಬರ ಆಡು ಮಲಗಿತು. ಕೊನೆಗೆ ಕಂಡಕ್ಟರನೂ ಮಲಗಿ, ಕೋಳೂರಿನಲ್ಲಿ ಇಳಿಯಬೇಕಾದವರು ಅವನನ್ನು ಎಬ್ಬಿಸಬಾರದೆಂದು ಸದ್ದಿಲ್ಲದೆ ಕುಳಿತು ಕುರುಗೋಡಿಗೆ ಹೋದರು. ಮಾಮ ಬರೆದ: ‘ಆಡು ಸಹಿತ ಎಲ್ಲರೂ ನಿದ್ದೆ. ಕೋಳೂರು.’ ಮರುದಿನ ಆ ಕ್ಯಾಸೆಟ್ ಎಲ್ಲಾ ಖರ್ಚಾಯಿತು. ನಿದ್ದೆ ಬಾರದವರು ಬಳ್ಳಾರಿಯಲ್ಲಿ ಅಷ್ಟು ಜನ ಇದ್ದರು!

ಈ ಚಟ ಬಸ್ಸಿನಲ್ಲೇ ಉಳಿದಿದ್ದರೆ ನನ್ನ ತಕರಾರಿರಲಿಲ್ಲ. ನಾನು ಆಗ ತೆಕ್ಕಲಕೋಟೆಯ ಶಾಲೆಯಲ್ಲಿ ಶಿಕ್ಷಕಿ. ಮಾಮನ ಮನೆಯಲ್ಲೇ ಇದ್ದು ಅವನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಎದುರು ಮನೆಯ ಕೂಸು ಅತ್ತರೆ ‘ಕುರುಗೋಡಿನ ತನಕ ಹೋಗತೈತಿ’ ಎನ್ನುವನು. ಪಕ್ಕದ ಮನೆಯ ಯಜಮಾನರು ಸೀನಿದರೆ, ಎತ್ತುಗಡೆ ಚೆನ್ನಾಗಿದೆ, ಕೊನೆಗೆ ದಮ್ಮಿಲ್ಲ ಎಂದು ಅವರ ಮುಖಕ್ಕೇ ಹೇಳುವನು. ನನ್ನನ್ನು ನೋಡಲು ಬಂದಿದ್ದ ವರ ಉಪ್ಪಿಟ್ಟು ತಿನ್ನುತ್ತ ಏನೋ ನೆನೆದು ನಕ್ಕ. ಮಾಮ ನನ್ನ ಕಡೆ ಬಾಗಿ, ಇಡೀ ಪಡಸಾಲೆಗೆ ಕೇಳುವಂತೆ ಪಿಸುಗುಟ್ಟಿದ:

‘ನಗು ಸ್ಟ್ಯಾಂಡ್ ಬಿಡಂಗಿಲ್ಲವ್ವ.’

ಆ ಸಂಬಂಧವೂ ಸ್ಟ್ಯಾಂಡ್ ಬಿಡಲಿಲ್ಲ. ಈಗ ಯೋಚಿಸಿದರೆ ಒಳ್ಳೆಯದೇ ಆಯಿತು ಅನ್ನಿ.

ಇಷ್ಟೆಲ್ಲದಕ್ಕೂ ತೀರ್ಪು ಕೊಡುವವನು ಒಬ್ಬರ ಹಾಡಿಗೆ ಮಾತ್ರ ಏನೂ ಹೇಳಿರಲಿಲ್ಲ. ನಮ್ಮ ಅತ್ತೆಯ ಹಾಡಿಗೆ. ಅತ್ತೆ ಸೋಬಾನೆ ಪದ ಹಾಡುತ್ತಿದ್ದಳು. ಮದುವೆ, ಸೀಮಂತ, ತೊಟ್ಟಿಲು ಎಂದರೆ ಕೌಲ್ ಬಜಾರಿನಿಂದ ಗಾಂಧಿನಗರದ ತನಕ ಕರೆ ಬರುತ್ತಿತ್ತು. ಆದರೆ ಹೆಂಗಸರ ನಡುವೆ ಮಾತ್ರ. ಗಂಡಸರ ಚಪ್ಪಲಿ ಸದ್ದು ಕೇಳಿದರೆ ಬಾಯಿ ಮುಚ್ಚುವಳು, ಗಂಡನ ಚಪ್ಪಲಿಯಾದರಂತೂ ಅಡುಗೆಮನೆಗೆ ಓಡುವಳು. ಹೀಗಾಗಿ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮಾಮ ಹೆಂಡತಿಯ ಹಾಡು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ಅವನೂ ಅಂದಿರಲಿಲ್ಲ. ಒಂದು ದಿನ ಅಕ್ಕಿ ಆರಿಸುತ್ತ ಅತ್ತೆ ನನಗೆ ಹೇಳಿದಳು:

‘ಊರವರ ಹಾಡಿಗೆಲ್ಲ ಸ್ಟಾಪ್ ಕೊಡ್ತಾರ. ನನ್ನ ಹಾಡು ಎಲ್ಲಿ ತನಕ ಹೋಗತೈತೋ ಒಬ್ರಿಗೂ ಗೊತ್ತಿಲ್ಲ ನೋಡು.’

ನಗುತ್ತಲೇ ಹೇಳಿದಳು. ಆದರೆ ಆರಿಸಿದ ಅಕ್ಕಿಯನ್ನೇ ಮತ್ತೊಮ್ಮೆ ಆರಿಸಿದಳು.

ಇದರ ನಡುವೆ ಅಮೆರಿಕದ ಕ್ಯಾಸೆಟ್ ಬಂತು. ಕ್ಯಾಸೆಟ್ ಅಂಗಡಿಯ ಸಾಹೇಬರ ಭಾಮೈದುನ ದುಬೈಯಿಂದ ತಂದದ್ದು. ಅದರಲ್ಲಿ ಹಾಡೇ ಇಲ್ಲ. ಹಿಂದೆ ಧಡ್ ಧಡ್ ಎಂದು ಡ್ರಮ್ಮು, ಮುಂದೆ ಒಬ್ಬ ಮನುಷ್ಯ ಉಸಿರು ಬಿಡದೆ ಮಾತಾಡುತ್ತಾನೆ. ಹೊಸ ನಮೂನೆ, ಅಲ್ಲೆಲ್ಲ ಇದೇ ಈಗ ನಡೆಯುವುದು ಎಂದು ಸಾಹೇಬರು ಹೇಳಿದರು. ಮಾಮ ಹಿಂದೆಮುಂದೆ ನೋಡದೆ ಬೆಳಗಿನ ಟ್ರಿಪ್ಪಿಗೆ ಹಾಕಿದ.

ಜನ ಮೊದಲು ಟೇಪಿನ ಕಡೆ ಕತ್ತು ಚಾಚಿದರು. ನಂತರ ಸಿರುಗುಪ್ಪದ ಒಬ್ಬ ರೆಡ್ಡಿ ಎದ್ದು, ‘ಎವರ್ನಿ ತಿಡುತುನ್ನಾಡು ಸ್ವಾಮೀ?’ ಎಂದು ತೆಲುಗಿನಲ್ಲಿ ವಿಚಾರಿಸಿದ. ಯಾರನ್ನು ಬೈಯುತ್ತಿದ್ದಾನೆ! ಅದೇ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು. ಹೊಲದ ಬದುವಿನ ಜಗಳ ಎಂದು ಒಬ್ಬರು, ತಮ್ಮನ ಹೆಂಡತಿಯ ವಿಷಯ ಎಂದು ಇನ್ನೊಬ್ಬರು. ಕೋಳೂರು ದಾಟುವಷ್ಟರಲ್ಲಿ ಬಸ್ಸು ಎರಡು ಪಾರ್ಟಿಯಾಯಿತು. ಎಡಗಡೆ ಸೀಟಿನವರು ಬೈಯುವವನ ಪರ, ಬಲಗಡೆಯವರು ಬೈಸಿಕೊಳ್ಳುವವನ ಪರ. ಪಾಪ, ಅವನಿಗೂ ಒಂದು ಮಾತು ಆಡಲು ಬಿಡಬೇಕಲ್ಲ ಎಂದು ಬಲಗಡೆಯವರ ವಾದ. ಹಿರಿಯರೊಬ್ಬರು ಇಬ್ಬರನ್ನೂ ಕೂರಿಸಿ ಮಾತಾಡಿಸೋಣ ಎಂದರು. ಎಲ್ಲಿ ಕೂರಿಸುವುದು, ಆ ಟೇಪಿನ ಮೇಲೋ? ಒಬ್ಬ ಅಜ್ಜಿ ಮತ್ತೊಬ್ಬರ ಮನೆಯ ಜಗಳ ಕೇಳುವುದು ಪಾಪ ಎಂದು ತನ್ನೂರಿಗಿಂತ ಮೊದಲೇ ಇಳಿದಳು. ಇನ್ನೊಬ್ಬಳು ತೀರ್ಮಾನ ಏನಾಯಿತು ನೋಡಿಯೇ ಹೋಗುತ್ತೇನೆ ಎಂದು ಕುರುಗೋಡಿನಲ್ಲಿ ಇಳಿಯಲೇ ಇಲ್ಲ.

ಮಾಮನಿಗೆ ಧರ್ಮಸಂಕಟ. ಸಂಜೆ ಸ್ಲೇಟಿನ ಮುಂದೆ ಬಹಳ ಹೊತ್ತು ಕೂತು ಬರೆದ: ‘ಒಬ್ಬಾಕೀನ್ನ ಇಳಿಸಿತು, ಒಬ್ಬಾಕೀನ್ನ ಮುಂದಕ್ಕ ಒಯ್ತು. ಡ್ರಮ್ಮು ಭೇಷ್. ಸಿರುಗುಪ್ಪ.’ ಸಾಹೇಬರು ಅದನ್ನು ನಕಲು ಮಾಡಿ ಮಾಡಿ ಸಾಕಾದರು. ಮೊದಲ ಕ್ಯಾಸೆಟ್ ಒಯ್ದವರು ಒಬ್ಬ ವಕೀಲರು.

ಅಲ್ಲಿಗೆ ಸಾಹೇಬರಿಗೆ ಹುಮ್ಮಸ್ಸು ಏರಿತು. ಅಮೆರಿಕದವರ ಡ್ರಮ್ಮಿಗೆ ನಮ್ಮೂರಿನ ಹಾಡು ಕೂರಿಸಿ ಬಳ್ಳಾರಿಯದೇ ಒಂದು ಹೊಸ ಕ್ಯಾಸೆಟ್ ತರಬೇಕು! ಹಾಡಲು ಯಾರು? ಅವರ ಬೇಗಂ ಒಂದು ಮದುವೆಯಲ್ಲಿ ಅತ್ತೆಯ ಪದ ಕೇಳಿ ಕಣ್ಣೀರು ಒರೆಸಿಕೊಂಡಿದ್ದರಂತೆ. ಬೇಗಂ ಅವರೇ ಬಂದು ಕೇಳಿದರು. ಅತ್ತೆ ಮೂರು ದಿನ ಒಲ್ಲೆ ಎಂದಳು. ನಾಲ್ಕನೆಯ ದಿನ ಗಂಡ ಊಟಕ್ಕೆ ಕೂತಾಗ ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

‘ಹಾಡ್ತೀನ್ರಿ. ಆದರ ಎಲ್ಲಾರ ಕ್ಯಾಸೆಟ್ಟಿಗೆ ಬರದಂಗ ನನ್ನದಕ್ಕೂ ಬರೀಬೇಕು. ಹೆಂಡ್ತಿ ಅಂತ ಒಂದು ಸ್ಟಾಪೂ ಹೆಚ್ಚಿಗಿ ಹಾಕಬ್ಯಾಡ್ರಿ.’

ಮಾಮ ತುತ್ತು ನುಂಗಿ, ಹ್ಞೂಂ ಎಂದ.

ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಾಸಿಗೆ ನಿಲ್ಲಿಸಿ ರೆಕಾರ್ಡಿಂಗ್ ನಡೆಯಿತು. ಡ್ರಮ್ಮಿಗೆ ಮದುವೆ ಬ್ಯಾಂಡಿನವನು. ಅವನಿಗೆ ಮೆರವಣಿಗೆ ಬಿಟ್ಟು ಬೇರೆ ತಿಳಿಯದು. ಬಾರಿಸುತ್ತ ಬಾರಿಸುತ್ತ ಅಭ್ಯಾಸಬಲದಿಂದ ನಡೆಯಲು ಶುರು ಮಾಡಿ ಬಾಗಿಲ ತನಕ ಹೋಗಿಬಿಡುತ್ತಿದ್ದ. ಸಾಹೇಬರು ಹಿಡಿದು ವಾಪಸ್ ತರುತ್ತಿದ್ದರು. ಜೊತೆಗೆ ಹೋಗಿದ್ದ ನಾನು ಹಾಸಿಗೆಯೊಂದರಲ್ಲಿ ಮುಖ ಹುದುಗಿಸಿ ನಕ್ಕೆ. ಅತ್ತೆ ನಗಲಿಲ್ಲ. ಕಣ್ಣು ಮುಚ್ಚಿ, ಸೆರಗು ಬಿಗಿಯಾಗಿ ಹಿಡಿದು ಹಾಡಿದಳು.

ಕ್ಯಾಸೆಟ್ ಬಸ್ಸು ಹತ್ತುವ ದಿನ ಮಾಮ ಇಸ್ತ್ರಿ ಅಂಗಿ ತೊಟ್ಟ. ಟೇಪಿಗೆ ಊದುಬತ್ತಿ ಬೆಳಗಿದ. ಅತ್ತೆ ಮನೆಯಿಂದ ಹೊರಗೇ ಬರಲಿಲ್ಲ. ಸಂಜೆ ಏನು ಬರೆಯುತ್ತಾನೋ ಎಂಬ ಭಯಕ್ಕೆ ಹಿಂದಿನ ದಿನದಿಂದ ಸರಿಯಾಗಿ ಉಂಡೂ ಇರಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ‘ಸಿರುಗುಪ್ಪ, ಸಿರುಗುಪ್ಪ’ ಎಂದು ಜಪಿಸುತ್ತಿದ್ದೆ.

ಜನಕ್ಕೆ ಹುಚ್ಚು ಹಿಡಿಯಿತು! ಬಸ್ಸಿನ ತುಂಬ ಕಾಲು ಕುಣಿದವು, ಚಪ್ಪಾಳೆ ಬಿತ್ತು. ಕುರುಗೋಡಿನಲ್ಲಿ ಹತ್ತಿದವರು ಮದುವೆ ಬಸ್ಸೆಂದು ತಿಳಿದು ಹಾದಿ ತಪ್ಪಿತೇನೋ ಎಂದು ಇಳಿಯಹೋದರು. ಮಾಮನ ಪದ್ಧತಿಯ ಪ್ರಕಾರ ಸಿರುಗುಪ್ಪ ಗ್ಯಾರಂಟಿ. ಆದರೆ ಮಾಮ ಕನ್ನಡಿಯನ್ನೇ ನೋಡುತ್ತಿರಲಿಲ್ಲ. ಟೇಪಿನ ಕಡೆ ತಲೆ ವಾಲಿಸಿ, ಹುಬ್ಬು ಗಂಟಿಕ್ಕಿ, ಎಂಜಿನ್ನಿನಲ್ಲಿ ಏನೋ ಸದ್ದು ಬರುತ್ತಿದೆ ಎಂಬಂತೆ ಕೇಳುತ್ತಿದ್ದ. ತೆಕ್ಕಲಕೋಟೆ ಬಂತು. ತೆಕ್ಕಲಕೋಟೆ ಹೋಯಿತು! ಕಂಡಕ್ಟರ್ ಸೀಟಿ ಊದಿದ, ಇಳಿಯುವವರು ಬಸ್ಸಿನ ಮೈ ಬಡಿದರು. ಊರು ದಾಟಿ ಎರಡು ಮೈಲಿ ಆಚೆ ಭತ್ತದ ಗದ್ದೆಗಳ ಮಧ್ಯೆ ಬಸ್ಸು ನಿಂತಿತು. ನಾನು ನಡೆದು ಶಾಲೆ ಮುಟ್ಟುವಾಗ ಎರಡನೆಯ ಪಾಠ ಮುಗಿದಿತ್ತು. ತಡವಾದ ಕಾರಣ ಬರೆದುಕೊಡಿ ಎಂದರು ಹೆಡ್ ಮಾಸ್ತರರು. ‘ಸೋದರಮಾವ ಹಾಡು ಕೇಳುತ್ತಿದ್ದರು’ ಎಂದು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು.

ಸಂಜೆ ಬಳ್ಳಾರಿಯಲ್ಲಿ ಸ್ಲೇಟು ನೇತು ಬಿತ್ತು: ‘ಕೋಳೂರು.’

ಅಷ್ಟೇ. ಕಾರಣ ಇಲ್ಲ, ವಿವರ ಇಲ್ಲ. ಮಲಗಿದ ಆಡಿಗೂ ಅದೇ ಸ್ಟಾಪು, ಅತ್ತೆಗೂ ಅದೇ ಸ್ಟಾಪು! ಬೆಳಗಿನ ಪ್ರಯಾಣಿಕರು ನಾವೇ ಕುಣಿದಿದ್ದೇವೆ, ಇದು ಅನ್ಯಾಯ ಎಂದು ಜಗಳಕ್ಕೆ ನಿಂತರು. ಸಾಹೇಬರ ಮುಖ ಸಣ್ಣದಾಯಿತು. ಮಾಮ ಸೈಕಲ್ ಹತ್ತಿ ಎಲ್ಲಿಗೋ ಹೋದ. ನಾನು ಉರಿಯುತ್ತ ಮನೆಗೆ ಬಂದೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು.

ದೀಪ ಹಚ್ಚುವ ಹೊತ್ತಿಗೆ ಮಾಮ ಬಂದು ಅಡುಗೆಮನೆಯ ಹೊಸ್ತಿಲಿನಲ್ಲಿ ಕೂತ. ಅತ್ತೆ ತಿರುಗಿ ನೋಡಲಿಲ್ಲ, ಜೋಳದ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳು ಒಂದು ಮಾತು ಕೇಳಿದ್ದರೂ ನಾನು ಸುಮ್ಮನಿರುತ್ತಿದ್ದೆ. ಕೇಳಲಿಲ್ಲವಾದ್ದರಿಂದ ನಾನೇ ಕೇಳಿದೆ, ಸಣ್ಣ ದನಿಯಲ್ಲೇನೂ ಅಲ್ಲ. ಯಾರದೋ ಬೈಗುಳಕ್ಕೆ ಸಿರುಗುಪ್ಪ ಕೊಟ್ಟವನಿಗೆ ಇವಳ ಹಾಡಿನಲ್ಲಿ ಏನು ಕಡಿಮೆ ಕಂಡಿತು ಎಂದು ಕೇಳಿದೆ. ಮಾಮ ಅತ್ತೆಯ ಬೆನ್ನಿಗೆ ಹೇಳಿದ:

‘ಡ್ರಮ್ಮಿನ ಸದ್ದಿನಾಗ ನಿನ್ನ ದನಿ ಸಿಗವಲ್ದು. ಎಲ್ಲಿ ಐತಿ, ಎಲ್ಲಿ ಐತಿ ಅಂತ ಹುಡುಕ್ಕೋಂತ ಹೋದೆ. ಊರು ದಾಟಿದ್ದೂ ಗೊತ್ತಾಗ್ಲಿಲ್ಲ. ಆ ಬ್ಯಾಂಡಿನವನ ಮನಿಗೆ ಹೋಗಿ ಬೈದು ಬಂದೀನಿ.’

ರೊಟ್ಟಿ ಬಡಿಯುವ ಸದ್ದು ನಿಂತಿತು.

‘ಇಪ್ಪತ್ತೆರಡು ವರ್ಷಕ್ಕ ಒಮ್ಮೆ ಕೇಳಾಕ ಸಿಕ್ಕಿತ್ತು’ ಎಂದ ಮಾಮ. ‘ಅದೂ ಸರಿಯಾಗಿ ಕೇಳಲಿಲ್ಲ ನಾ.’

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಗುತ್ತ ಬಂದಿದ್ದೆ, ಅವನಿಗೂ ಏನೋ ಬೇಕಾಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಒಲೆಯ ಕಡೆಗೇ ಮುಖ ಇಟ್ಟುಕೊಂಡು, ಮೊದಲು ಗುನುಗಿದಂತೆ, ಆಮೇಲೆ ಬಾಯಿ ಬಿಟ್ಟು ಹಾಡಿದಳು. ಡ್ರಮ್ಮಿಲ್ಲ, ಚಪ್ಪಾಳೆಯಿಲ್ಲ. ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಅಡುಗೆಮನೆಯಲ್ಲಿ ಹೇಗೆ ಅಡಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾಮ ಹೊಸ್ತಿಲಿಗೆ ತಲೆ ಆನಿಸಿ, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದ.

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಅದನ್ನು ತಿರುವಿ ಹಾಕಲು ನಾವು ಯಾರೂ ಏಳಲಿಲ್ಲ. ಹಾಡು ಮುಗಿದ ಮೇಲೆ ಅತ್ತೆ ನಾಚಿಕೊಂಡು ಅದನ್ನು ಎತ್ತಿ ಬಿಸಾಡಹೋದಳು. ಮಾಮ ತಟ್ಟೆ ಮುಂದೆ ಹಿಡಿದ. ಕರ್ರಗೆ ಸೀದುಹೋಗಿದ್ದ ಆ ರೊಟ್ಟಿಯನ್ನು ಒಂದು ಚೂರೂ ಬಿಡದೆ, ನಿಧಾನವಾಗಿ ತಿಂದ.