ಗೋದಾಬಾಯಿಗೆ ನಾನು ಕಲಿಸಿದ ಇಂಗ್ಲಿಷು

ಟಕ್! ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಮೇಜಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೆ ಹೆದರಿಯೇ ನನ್ನ ಇಂಗ್ಲಿಷು ನೆಟ್ಟಗಾದದ್ದು. ಹಾಗಾಗಿ, ಪರದೇಶದ ಮಗನ ಮನೆಗೆ ಬಂದ ಮೇಲೆ, ಇಡೀ ಮಾರ್ಗನ್ ಹಿಲ್‌ನ ಉಚ್ಚಾರಣೆ ತಿದ್ದುವ ಹೊಣೆ ನನ್ನದೆಂದೇ ತಿಳಿದಿದ್ದೆ.

ಕೈಗೆ ಸಿಕ್ಕಿದವರು ಗೋದಾಬಾಯಿ. ನನ್ನ ಸೊಸೆಯ ತಾಯಿ, ಹುಬ್ಬಳ್ಳಿಯವರು. ಬೀಗಿತ್ತಿಯರಿಬ್ಬರೂ ಒಂದೇ ಮನೆಯಲ್ಲಿ!

ಪಕ್ಕದ ಮನೆಯ ಡೊರೊತಿಗೆ ಕಣ್ಣು ಪೂರ್ತಿ ಹೋಗಿತ್ತು. ಸಂಜೆ ಬೇಲಿಯ ಬಳಿ ನಿಂತು ಗೋದಾಬಾಯಿ, "ಡೊರೊತೀ, ಟೀ ಆತೇನ್ರೀ? ಕಮ್, ಸಿಟ್, ಟಾಕ್!" ಎಂದು ಕೂಗಿದರೆ ಸಾಕು, ಆಕೆ ನಗುತ್ತಾ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

ಆ ಡೊರೊತಿ ಈಗ ದೂರದ ಊರಿಗೆ, ಮಗಳ ಮನೆಗೆ ಹೊರಟಿದ್ದಳು. ಬೀಳ್ಕೊಡುಗೆಯ ದಿನ ಎರಡು ಮಾತಾಡಬೇಕೆಂದು ಗೋದಾಬಾಯಿಯ ಆಸೆ.

"ಆಕೀನ ಬಿಟ್ರ ನನಗಿಲ್ಲಿ ಯಾರದಾರ್ರೀ, ಬೀಗರ?" ಎಂದು ಕಣ್ಣೊರೆಸಿಕೊಂಡರು.

ನಾನಿದ್ದೆನಲ್ಲ! ಆ ಅವಮಾನ ನುಂಗಿಕೊಂಡು ತರಬೇತಿಗೆ ಇಳಿದೆ.

"ಗದ್ದ ಮೇಲೆ. ಮೆಲ್ಲಗೆ. ಇಟ್ ಈಸ್ ವಿತ್ ಪ್ರೊಫೌಂಡ್ ರಿಗ್ರೆಟ್..."

"ಇಷ್ಟ್ ಮೆತ್ತಗ ಮಾತಾಡಾಕ ಆಕೀಗೇನ್ ಜ್ವರ ಬಂದಾವೇನ್ರೀ?"

"ಡಿಗ್ನಿಟಿ, ಗೋದಾಬಾಯಿ, ಡಿಗ್ನಿಟಿ!"

ಮೊಮ್ಮಗಳು ಸೋಫಾದಿಂದಲೇ ನನ್ನತ್ತ ನೋಡಿ, "ಅಜ್ಜೀ, ಶಿ ಸೌಂಡ್ಸ್ ಲೈಕ್ ದ ಜಿಪಿಎಸ್!" ಎಂದಳು. ಅದನ್ನೇ ಸರ್ಟಿಫಿಕೇಟು ಎಂದುಕೊಂಡೆ.

ಆ ದಿನ ಗೋದಾಬಾಯಿ ಗದ್ದ ಎತ್ತಿ ನಿಂತರು. ಒಂದು ಅಕ್ಷರ ತಪ್ಪಲಿಲ್ಲ. ಥೇಟ್ ನಾನೇ! ಡೊರೊತಿ ವಿನಯದಿಂದ ಕೈ ಚಾಚಿದಳು.

"ದಟ್ ವಾಸ್ ಲವ್ಲಿ. ಹ್ಯಾವ್ ವಿ ಮೆಟ್?"

ಆಮೇಲೆ, ಕರೆದೊಯ್ಯಲು ಬಂದಿದ್ದ ತನ್ನ ಮಗಳತ್ತ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: "ಗೋಡಾ ಡಿಡ್ನ್ಟ್ ಕಮ್?"

ಗೋದಾಬಾಯಿ ಎತ್ತಿದ ಗದ್ದ ಇಳಿಸಿದರು. ನನ್ನ ಮುಖ ನೋಡಿದರು. ನಾನೋ, ಮಾತು ಮರೆತರೇನೋ ಎಂದು ಮುಂದಿನ ಸಾಲನ್ನು ಪಿಸುಗುಟ್ಟಿದೆ! ಅವರು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟರು. ನಡೆದದ್ದೇನೆಂದು ನನಗೆ ಹೊಳೆಯುವಷ್ಟರಲ್ಲಿ, ಫ್ಲೈಟಿಗೆ ಹೊತ್ತಾಯಿತೆಂದು ಮಗಳು ಡೊರೊತಿಯನ್ನು ಕಾರಿಗೆ ಹತ್ತಿಸಿಯಾಗಿತ್ತು.

ಕಾರು ಹೊರಟಿತು. ಆಗ ಬೇಲಿಯ ಕಡೆಯಿಂದ ಗೋದಾಬಾಯಿ ಓಡಿ ಬಂದರು. "ಡೊರೊತೀ! ನಾನ್ರೀ, ಗೋದಾ! ಯು ಈಟ್ ಪ್ರಾಪರ್, ಹಾಂ!"

ಡೊರೊತಿಯ ಮುಖ ಅರಳಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ಜೋರಾಗಿ ಬೀಸಿದಳು. ಪಾಪ, ದಿಕ್ಕು ತಿಳಿಯದೆ ನಾನು ನಿಂತಿದ್ದ ಕಡೆಗೆ. ನಾನೂ ಬೀಸಿದೆ. ಕಣ್ಣು ಕಾಣದವಳಿಗೆ, ನನ್ನದಲ್ಲದ ವಿದಾಯಕ್ಕೆ, ಕಾನ್ವೆಂಟಿನಲ್ಲಿ ಓದಿದವಳು ನಾನು, ಬಾಯಿ ಮುಚ್ಚಿಕೊಂಡು ಕೈ ಬೀಸುತ್ತಲೇ ಇದ್ದೆ. ಅವಳನ್ನು ಕೊನೆಯ ಬಾರಿ ನೋಡಿದ್ದು ಹಾಗೆ.