ಬಲಕ್ಕೆ ವಾಲುವ ಪುಕ್ಕಟೆ ಅಕ್ಷರಗಳು

ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಪದ ‘ಉಚಿತ’. ಎರಡು ಕೊಂಡರೆ ಒಂದು ಉಚಿತ, ಸಲಹೆ ಉಚಿತ, ಪ್ರವೇಶ ಉಚಿತ, ಕಣ್ಣಿನ ತಪಾಸಣೆ ಉಚಿತ. ಕೆಂಪು ಬಣ್ಣ, ಹಳದಿ ಅಂಚು, ಮೊಳದುದ್ದದ ಅಕ್ಷರ. ಊರಿನ ಅರ್ಧದಷ್ಟು ಬೋರ್ಡುಗಳು ನನ್ನ ಕುಂಚದಿಂದಲೇ ಹುಟ್ಟಿದವು. ಇಪ್ಪತ್ತೆಂಟು ವರ್ಷ ಏಣಿಯ ಮೇಲೆ ನಿಂತು ಆ ಪದವನ್ನು ತಿದ್ದಿ ತೀಡಿ ದೊಡ್ಡದು ಮಾಡಿದೆ. ಹಾಗೆ ಸಾಕಿದ ಪದವೇ ಒಂದು ದಿನ ತಿರುಗಿ ನಿಂತು ನನ್ನ ಏಣಿಗೆ ಒದೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲ ಒದೆ ಕೊಟ್ಟವನು ಹೊರಗಿನವನಲ್ಲ, ಹೆಂಡತಿಯ ತಮ್ಮ. ಆರು ವರ್ಷದ ಹಿಂದೆ ಅವನು ಬೋರ್ಡು ಮುದ್ರಿಸುವ ಯಂತ್ರವೊಂದನ್ನು ತಂದು ಕೂರಿಸಿದ. ನಾನು ಮೂರು ದಿನ ಬರೆಯುತ್ತಿದ್ದುದನ್ನು ಆ ಯಂತ್ರ, ಅವನು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ, ನಾಲಿಗೆ ಚಾಚಿದ ಹಾಗೆ ಹೊರಗೆ ತಳ್ಳುತ್ತಿತ್ತು. (ನನ್ನನ್ನು ಅಣಕಿಸಲೆಂದೇ ಅದು ಹಾಗೆ ಚಾಚುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.) ಇಷ್ಟೊಂದು ಬಗೆಯ ಅಕ್ಷರ ಎಲ್ಲಿಂದ ತರುತ್ತೀಯೋ ಎಂದು ಕೇಳಿದೆ. “ಎಲ್ಲಾ ಪುಕ್ಕಟೆ ಸಿಗತ್ತೆ ಭಾವ” ಎಂದ. ಅಂದಿನಿಂದ ನನ್ನ ಕುಂಚಗಳು ಸೀಮೆಎಣ್ಣೆ ಡಬ್ಬದಲ್ಲಿ ತಲೆಕೆಳಗಾಗಿ ನಿಂತು ತಪಸ್ಸು ಮಾಡುತ್ತಿವೆ.

ಸದ್ಯಕ್ಕೆ ನನ್ನ ಕಲಾಸೇವೆ ಅಡುಗೆಮನೆಯ ಡಬ್ಬಿಗಳಿಗೆ ಸೀಮಿತ. ಸಕ್ಕರೆ, ಉಪ್ಪು, ಚಹಾಪುಡಿ. ಎಲ್ಲವನ್ನೂ ಬಿಳಿ ಬಣ್ಣದಲ್ಲಿ, ದೊಡ್ಡ ಅಂಗಡಿಯ ಬೋರ್ಡಿಗೆ ಬರೆಯುವ ಶ್ರದ್ಧೆಯಿಂದಲೇ ಬರೆದಿದ್ದೇನೆ. ಇನ್ನು ಅಳಿದುಳಿದ ಕೀರ್ತಿಯೆಂದರೆ ಒಂದೇ. ಸುಮಾರು ಹತ್ತು ವರ್ಷದ ಹಿಂದೆ ಚಿತ್ರಕಲೆ ಓದುತ್ತಿದ್ದ ಹುಡುಗಿಯೊಬ್ಬಳು ನನ್ನ ಏಣಿಯ ಕೆಳಗೆ ಬಂದು ನಿಂತಿದ್ದಳು. ದೊಡ್ಡ ದೊಡ್ಡ ಹಾಳೆಗಳನ್ನು ಹಾಸಿ, ‘ಅ’ದಿಂದ ಹಿಡಿದು ಕೊನೆಯ ಅಕ್ಷರದವರೆಗೆ, ಒತ್ತು ದೀರ್ಘ ಸಮೇತ ಬರೆಸಿಕೊಂಡಳು. ನಿಮ್ಮ ಹೆಸರು ಹಾಕಲೇ ಎಂದು ಕೇಳಿದಳು. ಬೇಡ ಎಂದೆ, ಹೆಸರನ್ನು ಹೇಳಲೂ ಇಲ್ಲ. ಹೆಸರು ಗೊತ್ತಾದರೆ ಜನ ಮನೆ ಬಾಗಿಲಿಗೆ ಬಂದು ಪುಕ್ಕಟೆ ಬರೆಸಿಕೊಳ್ಳುತ್ತಾರೆ ಎಂಬ ದೂರದೃಷ್ಟಿ ನನ್ನದು. ಆಕೆ ನಮಸ್ಕಾರ ಹೇಳಿ ಹೋದಳು. ಹಾಳೆಗಳೂ ಹೋದವು. ನಾನು ಮರೆತೂ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಹೊಲಿಗೆಯವಳು. ಇಷ್ಟು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡಿದ್ದವಳು ಈ ವರ್ಷ ಮುಖ್ಯರಸ್ತೆಯಲ್ಲಿ ಪುಟ್ಟ ಅಂಗಡಿ ಹಿಡಿದಳು. ಸುದ್ದಿ ಕೇಳಿದ ಕೂಡಲೇ ನಾನು ಕುಂಚ ತೊಳೆಯಲು ಕೂತೆ. ಇಡೀ ಊರಿನಲ್ಲಿ ನನಗೆಂದು ಉಳಿದಿದ್ದ ಕೊನೆಯ ಬೋರ್ಡು ಅದು. ಹೆಂಡತಿಯಾದವಳು ತಮ್ಮನ ಯಂತ್ರಕ್ಕೆ ಹೋಗುವುದಿಲ್ಲ ಎಂಬ ಧೈರ್ಯ. (ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಇಂಥ ಧೈರ್ಯ ಉಳಿಸಿಕೊಂಡಿದ್ದಕ್ಕೆ ನನ್ನನ್ನು ಮೆಚ್ಚಬೇಕು.)

ಅವಳು ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, “ಬೋರ್ಡು ಬೀದೀಲಿ ಹೋಗೋರಿಗೆ ಕಾಣತ್ತೆ. ಮನೇಲಿ ಕೂತಿರೋರಿಗೆ ಕಾಣೋದು ಹೇಗೆ?” ಎಂದಳು.

ಮನೆಯಲ್ಲಿ ಕೂತವರಿಗೆ ಕಾಣಲು ಅವಳು ಇಂಟರ್ನೆಟ್ಟಿನಲ್ಲಿ ಅಂಗಡಿಯದೊಂದು ಪುಟ ಮಾಡುತ್ತಾಳಂತೆ. ವಾಚನಾಲಯದ ಮಹಡಿಯಲ್ಲಿ, ಏನೂ ಗೊತ್ತಿಲ್ಲದವರಿಗೆಂದೇ, ಎರಡು ವಾರದ ತರಗತಿ ನಡೆಯುತ್ತಿದೆಯಂತೆ. ಪುಟಕ್ಕೆ ಬಣ್ಣ ಬಳಿಯುವುದು, ಅಕ್ಷರ ಜೋಡಿಸುವುದು, ಪುಕ್ಕಟೆ ಚಿತ್ರ ಹುಡುಕುವುದು, ಎಲ್ಲವನ್ನೂ ಹೇಳಿಕೊಡುತ್ತಾರಂತೆ. ತರಗತಿಯೂ ಉಚಿತ. ನಾನು ಎದೆ ಹಿಡಿದುಕೊಂಡೆ. ಅವಳು ಅದನ್ನು ಗಮನಿಸದೆ ಮುಂದುವರಿಸಿದಳು. ಪುಟದಲ್ಲಿ ಯಾವ ಅಕ್ಷರವೋ ಬೋರ್ಡಿಗೂ ಅದೇ ಅಕ್ಷರ. ಅಂಗಡಿಗೆ ಒಂದೇ ಮುಖ ಇರಬೇಕು, ಎರಡು ಮುಖ ಇರಬಾರದು ಎಂದು ಟೀಚರ್ ಹೇಳಿದ್ದಾರೆ.

ಅಂದರೆ ಪುಟ ಯಾರು ಮಾಡುತ್ತಾರೋ ಬೋರ್ಡೂ ಅವರದೇ. ನನ್ನ ಕೊನೆಯ ಬೋರ್ಡು ಹೀಗೆ ಕಣ್ಣೆದುರೇ ಕೈಜಾರುತ್ತಿತ್ತು.

ಎರಡು ವಾರ ಮನೆಯಲ್ಲಿ ಬೇರೆ ಮಾತಿಲ್ಲ. ನನ್ನ ಹೆಂಡತಿಗೆ ಅದೆಲ್ಲ ತಲೆಗೆ ಹತ್ತದಿರಲಿ ಎಂದು ನಾನು ಹಾರೈಸಿದ್ದೆ. ಆದರೆ ಅವಳು ಎಲ್ಲವನ್ನೂ ಬಟ್ಟೆಯ ಲೆಕ್ಕಕ್ಕೆ ತಿರುಗಿಸಿಕೊಂಡು ಕಲಿತುಬಿಟ್ಟಳು. ಮಾರ್ಜಿನ್ ಎಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ. ಪ್ಯಾಡಿಂಗ್ ಎಂದರೆ ತೊಟ್ಟವರಿಗೆ ಉಸಿರಾಡಲು ಕೊಡುವ ಸಡಿಲ. ಬಾರ್ಡರ್ ಎಂದರೆ ಬಾರ್ಡರೇ. “ಇಷ್ಟೇ ರೀ. ಅಳತೆ ಸರಿ ಇದ್ರೆ ಅರ್ಧ ಕೆಲಸ ಮುಗೀತು” ಎಂದು ನೋಟುಪುಸ್ತಕ ಮಡಿಸಿದಳು.

ನನಗೆ ರೋಷ ಬಂತು. ಬಣ್ಣದಲ್ಲಿ ಬದುಕು ಸವೆಸಿದವನು ನಾನು. ಬಣ್ಣ ಹೇಗೆ ಹಚ್ಚಬೇಕೆಂದು ವಾಚನಾಲಯದ ಮಹಡಿಯವರು ನನ್ನ ಮನೆಗೆ ಪಾಠ ಕಳಿಸುವುದೇ? ಇದನ್ನೆಲ್ಲ ನಾನು ಒಂದು ಮಧ್ಯಾಹ್ನದಲ್ಲಿ ಮಾಡಿ ಬಿಸಾಡುತ್ತೇನೆ ಎಂದೆ.

“ಹಾಗಾದ್ರೆ ಮಾಡಿ” ಎಂದಳು. “ಚೆನ್ನಾಗಿದ್ರೆ ಪುಟಾನೂ ನಿಮ್ಮದೇ, ಬೋರ್ಡೂ ನಿಮ್ಮದೇ.”

ಮರುದಿನ ಮಧ್ಯಾಹ್ನ ಅವಳು ಗಿರಾಕಿಗಳಿಗೆ ಬಟ್ಟೆ ಕೊಡಲು ಹೋದಾಗ ನಾನು ಪುಟಕ್ಕೆಂದು ಅವಳು ತಂದಿಟ್ಟಿದ್ದ ಕಂಪ್ಯೂಟರ್ ಮುಂದೆ ವೀರಾಸನದಲ್ಲಿ ಕೂತೆ. ಪಕ್ಕದಲ್ಲಿ ಅವಳ ನೋಟುಪುಸ್ತಕ. ಅವಳ ಪುಟ ಅರ್ಧ ತಯಾರಾಗಿತ್ತು. ನೋಡಿದರೆ ನಡುವೆ ಎರಡು ಸಾಲು, ಸುತ್ತ ಬರೀ ಬಿಳಿ ಜಾಗ. ಗಿರಾಕಿ ಎಂಟಡಿ ಗೋಡೆ ಕೊಟ್ಟರೆ ಎಂಟಡಿಯನ್ನೂ ತುಂಬುವುದು ನಮ್ಮ ಕಸುಬಿನ ಧರ್ಮ. ಖಾಲಿ ಜಾಗ ಬಿಟ್ಟರೆ ಬಣ್ಣ ಮುಗಿದುಹೋಯಿತೇ ಎಂದು ಕೇಳುತ್ತಾರೆ.

ನಾನು ತುಂಬಿದೆ. ಅಲ್ಲಿ ಬಣ್ಣವೆಂದರೆ ಆರಂಕಿಯ ಒಂದು ಗುಟ್ಟಿನ ಸಂಖ್ಯೆ. ಅಂಕಿ ಬದಲಿಸಿದರೆ ಬಣ್ಣ ಬದಲು. ಕಲಸುವ ಶ್ರಮವಿಲ್ಲ, ಒಣಗಲು ಕಾಯಬೇಕಿಲ್ಲ, ಕೈಗೆ ಮೆತ್ತುವುದಿಲ್ಲ. ಹಸಿದವನನ್ನು ಔತಣಕ್ಕೆ ಕೂರಿಸಿದ ಹಾಗಾಯಿತು. ಪ್ರತಿ ಪದಕ್ಕೂ ಒಂದು ಬಣ್ಣ ಕೊಟ್ಟೆ. ಪ್ರತಿ ಬಣ್ಣಕ್ಕೂ ನೆರಳು ಕೊಟ್ಟೆ. ನೆರಳಿಗೆ ಅಂಚು, ಅಂಚಿಗೆ ಚುಕ್ಕೆ. ಪುಕ್ಕಟೆ ಸಿಗುವ ಗುಲಾಬಿ ಹೂವೊಂದನ್ನು ಹಿನ್ನೆಲೆಗೆ ಹಾಕಿದೆ. ಅದು ತನ್ನಷ್ಟಕ್ಕೆ ತಾನೇ ನೂರಾರು ಗುಲಾಬಿಗಳಾಗಿ ಹಬ್ಬಿ ಕಿಟಕಿ ಪರದೆಯ ಬಟ್ಟೆಯಂತಾಯಿತು. ನಿಲ್ಲಿಸುವುದು ಹೇಗೆಂದು ನೋಟುಪುಸ್ತಕದಲ್ಲಿ ಇರಲಿಲ್ಲ. (ಇತ್ತಂತೆ. ಮುಂದಿನ ಪುಟದಲ್ಲಿ.) ಕೊನೆಗೆ ದೂರವಾಣಿ ಸಂಖ್ಯೆಯನ್ನು ನನ್ನ ಪ್ರೀತಿಯ ನಿಂಬೆಹಳದಿಯಲ್ಲಿ, ಬಿಳಿಯ ಪಟ್ಟಿಯ ಮೇಲೆ ಬರೆದು, ಲೋಕಕ್ಕೆ ಬಿಡುಗಡೆ ಮಾಡುವ ಗುಂಡಿ ಒತ್ತಿದೆ.

ಮೂರು ದಿನ ಒಬ್ಬರೂ ಫೋನ್ ಮಾಡಲಿಲ್ಲ. ಬಿಳಿಯ ಮೇಲೆ ನಿಂಬೆಹಳದಿ ಕಾಣುವುದಿಲ್ಲ ಎಂಬುದು ಬೋರ್ಡು ಬರೆಯುವವರು ಮೊದಲ ದಿನ ಕಲಿಯುವ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ನಾಲ್ಕನೆಯ ದಿನ ಒಬ್ಬರು ಅಜ್ಜಿ ಕೋಲೂರಿಕೊಂಡು ಅಂಗಡಿ ಹುಡುಕಿ ಬಂದು, ನಿಮ್ಮ ಪುಟ ತೆರೆದಾಗಿನಿಂದ ಕಣ್ಣಿಗೆ ಕತ್ತಲೆ ಕವಿಯುತ್ತಿದೆ, ಇದು ಕಣ್ಣು ಪರೀಕ್ಷೆಯ ಅಂಗಡಿಯೇ ಇರಬೇಕು, ಕನ್ನಡಕ ಮಾಡಿಕೊಡುತ್ತೀರಾ ಎಂದು ಕೇಳಿದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಟವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, “ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗಿದೆ” ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕೂತು, ಹಾಕಿದ ಹೊಲಿಗೆಯನ್ನು ಬಿಚ್ಚುವ ಹಾಗೆ ನನ್ನ ಒಂದೊಂದೇ ಅಲಂಕಾರವನ್ನು ಬಿಚ್ಚಿ ತೆಗೆದಳು. ಗುಲಾಬಿ ಹೋಯಿತು, ನೆರಳು ಹೋಯಿತು, ಚುಕ್ಕೆ ಹೋಯಿತು. ಉಳಿದದ್ದು ಬಿಳಿ ಮತ್ತು ಕಡುನೀಲಿ, ಎರಡೇ ಬಣ್ಣ. ಮೇಲೆ ಒಂದೇ ಬಗೆಯ ಅಕ್ಷರದಲ್ಲಿ, ‘ಹೊಸದು ಹೊಲಿಯುತ್ತೇವೆ, ಹಳೆಯದು ಸರಿಮಾಡುತ್ತೇವೆ’ ಎಂಬ ಸಾಲು.

ಪುಟ ಚೆನ್ನಾಗಿತ್ತು. ಅದೇ ನನ್ನ ಸಂಕಟ. ಬಣ್ಣದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅಳತೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಕನ್ನಡಕ ಒರೆಸಿ ಅಕ್ಷರಗಳ ಮೇಲೆ ಬಿದ್ದೆ. ಇವನ್ನು ಎಲ್ಲಿಂದ ತಂದೆ ಎಂದು ವಿಚಾರಿಸಿದೆ. ಪುಕ್ಕಟೆ ಅಕ್ಷರಗಳ ಒಂದು ತಾಣವಿದೆ, ಅಲ್ಲಿ ನೂರಕ್ಕೂ ಹೆಚ್ಚು ಬಗೆ ನೋಡಿ ಇದನ್ನು ಆರಿಸಿದೆ ಎಂದಳು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆರು ವರ್ಷದ ಕಹಿಯೆಲ್ಲ ಗಂಟಲಿಗೆ ಬಂತು.

“ಇದು ಅಕ್ಷರವೇನೇ? ಒಂದೂ ನೆಟ್ಟಗಿಲ್ಲ, ಎಲ್ಲಾ ಬಲಕ್ಕೆ ವಾಲಿವೆ ನೋಡು. ಈ ಮನುಷ್ಯ ನೆಲದ ಮೇಲೆ ನಿಂತು ಬರೆದವನೇ ಅಲ್ಲ. ಜಾರೋ ಏಣಿ ಮೇಲೆ ನಿಂತಿದ್ದಾನೆ.”

“ಹೌದಾ?” ಎಂದಳು.

ಅವಳು ಕೇಳುತ್ತಿದ್ದಾಳೆಂದು ನನಗೆ ಹುರುಪು ಹೆಚ್ಚಿತು. ಒತ್ತಕ್ಷರದ ಬಾಲ ಸೀಳಿದೆ, ಅಂದರೆ ಕುಂಚದ ಕೂದಲು ಉದುರಿದೆ, ಹೊಸದು ತಗೊಳ್ಳಲು ಜಿಪುಣತನ ಎಂದೆ. ದೀರ್ಘವನ್ನು ಅರ್ಧಕ್ಕೆ ಎಳೆದು ಬಿಟ್ಟಿದ್ದಾನೆ, ಹೆಂಡತಿ ಊಟಕ್ಕೆ ಕರೆದಿರಬೇಕು, ಹೊಟ್ಟೆಬಾಕ ಎಂದೆ. ಒಂದು ಅಕ್ಷರ ನೋಡಿದರೆ ಸಾಕು, ಬರೆದವನ ಜಾತಕವನ್ನೇ ಹೇಳಬಲ್ಲೆ ಎಂದು ಎದೆ ಉಬ್ಬಿಸಿದೆ.

ಅವಳು ತೀರಾ ವಿನಯದಿಂದ, ಆ ತಾಣದಲ್ಲಿ ಅಕ್ಷರದ ಕೆಳಗೆ ಅಭಿಪ್ರಾಯ ಬರೆಯಲು ಜಾಗವಿದೆ, ನೀವು ಹೇಳಿ, ನಾನು ಒತ್ತುತ್ತೇನೆ ಎಂದಳು. (ಇಪ್ಪತ್ತಾರು ವರ್ಷದಲ್ಲಿ ಅವಳು ವಿನಯ ತೋರಿಸಿದ್ದು ಮೂರು ಸಲ. ಮೂರು ಸಲವೂ ನಾನು ಹಾಳಾಗಿದ್ದೇನೆ. ಆದರೂ ಬುದ್ಧಿ ಬಂದಿಲ್ಲ.) ನಾನು ಕೈ ಹಿಂದೆ ಕಟ್ಟಿ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಹೇಳಿ ಬರೆಸಿದೆ. ‘ಈ ಅಕ್ಷರಗಳನ್ನು ಬರೆದವನು ಕುಂಚ ಕೆಳಗಿಟ್ಟು ಪೊರಕೆ ಹಿಡಿಯುವುದು ಕಲೆಗೂ ಲೋಕಕ್ಕೂ ಕ್ಷೇಮ. ಇಂಥ ಅಕ್ಷರ ಪುಕ್ಕಟೆ ಸಿಗುವುದರಲ್ಲಿ ಆಶ್ಚರ್ಯವಿಲ್ಲ.’

“ಹೆಸರು ಹಾಕ್ಲಾ?”

“ಪೂರ್ತಿ ಹಾಕು. ಅಪ್ಪನ ಹೆಸರು ಸಮೇತ.”

“ಕಳಿಸಿಬಿಡ್ಲಾ? ಆಮೇಲೆ ಅಳಿಸೋಕೆ ಆಗಲ್ಲಂತೆ.”

ಅಳಿಸುವ ಮಾತೇ ಇಲ್ಲ ಎಂದೆ. ಕಳಿಸಿದಳು. ಎದ್ದು ಅಡುಗೆಮನೆಗೆ ಹೋದಳು. ಸಕ್ಕರೆ ಡಬ್ಬಿ ತಂದು ಕಂಪ್ಯೂಟರ್ ಪಕ್ಕದಲ್ಲಿಟ್ಟಳು. ಚಹಾ ಮಾಡುತ್ತಾಳೇನೋ ಅಂದುಕೊಂಡೆ. ಅವಳು ಪುಟದಲ್ಲಿ ‘ಸಕ್ಕರೆ’ ಎಂದು ಒತ್ತಿ ತೋರಿಸಿದಳು.

ಡಬ್ಬಿಯ ಮೇಲೆ ‘ಸಕ್ಕರೆ’. ಪರದೆಯ ಮೇಲೆ ‘ಸಕ್ಕರೆ’. ಎರಡರ ‘ರೆ’ಯೂ ಬಲಕ್ಕೆ ವಾಲಿತ್ತು. ಎರಡರ ಒತ್ತಿನ ಬಾಲವೂ ಸೀಳಿತ್ತು.

ಬೋರ್ಡು ಬರೆಯುವವನು ತನ್ನ ಅಕ್ಷರವನ್ನು ಗೇಣು ದೂರದಿಂದ ನೋಡುತ್ತಾನೆ. ದೂರ ನಿಂತು ನೋಡುವವರು ಯಾವಾಗಲೂ ಬೇರೆಯವರೇ. ನಾನು ಕುರ್ಚಿಯಲ್ಲಿ ಕೂತೆ. ಆ ತಾಣದಲ್ಲಿ ಅಕ್ಷರಗಳ ವಿವರದ ಜಾಗದಲ್ಲಿ ಹೀಗಿತ್ತು: ‘ಹೆಸರು ಹೇಳಲು ಒಪ್ಪದ ಒಬ್ಬ ಬೋರ್ಡು ಬರಹಗಾರರ ಕೈಬರಹ. ಎಲ್ಲರಿಗೂ ಉಚಿತ.’

“ಗೊತ್ತಿದ್ದೂ ಬರೆಸಿದೆಯಾ?” ಎಂದೆ.

“ಆರು ವರ್ಷದಿಂದ ಬೇರೆಯವರ ಅಕ್ಷರಾನ ಹೀಗೇ ಬೈತಿದ್ದೀರಿ. ಒಂದು ಸಲ ನಿಮಗೂ ತಗಲಲಿ ಅಂತ” ಎಂದಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ಸೆರಗಿನಲ್ಲಿ ಒರೆಸುತ್ತಾ, “ನೂರು ಬಗೆ ನೋಡಿದೆ ರೀ. ಬೇರೆ ಯಾವುದೂ ನಮ್ಮನೇದು ಅನ್ನಿಸಲಿಲ್ಲ” ಎಂದಳು.

ಇದನ್ನು ಹೊಗಳಿಕೆ ಎಂದು ಹಿಡಿದು ನಾನು ತಲೆ ಎತ್ತಿದೆ. ಹಾಗಾದರೆ ಬೋರ್ಡನ್ನು ನಾನೇ ಕೈಯಾರೆ ಬರೆಯುತ್ತೇನೆ, ನಾಳೆಯೇ ಬಣ್ಣ ಕಲಸುತ್ತೇನೆ ಎಂದೆ. ಅವಳಿಗೆ ಅರ್ಥವೇ ಆಗಲಿಲ್ಲ. ನಿಮ್ಮ ಅಕ್ಷರ ಹೇಗೂ ಇಲ್ಲೇ ಇದೆಯಲ್ಲ, ತಮ್ಮ ಶುಕ್ರವಾರದೊಳಗೆ ಮುದ್ರಿಸಿ ಕೊಡುತ್ತಾನೆ, ಸೊಂಟ ನೋವು ಇಟ್ಟುಕೊಂಡು ನೀವು ಯಾಕೆ ಏಣಿ ಹತ್ತಬೇಕು ಎಂದು ಕೇಳಿದಳು. ನನ್ನ ಎದುರು ಸ್ಪರ್ಧೆಗೆ ನಿಂತವನು ನಾನೇ. ನನಗಿಂತ ಹತ್ತು ವರ್ಷ ಚಿಕ್ಕವನು, ಸೊಂಟ ನೋವಿಲ್ಲದವನು, ಊಟ ಕೇಳದವನು, ಪುಕ್ಕಟೆ ದುಡಿಯುವವನು. ಅವನನ್ನು ಗೆಲ್ಲುವುದು ಹೇಗೆ?

ಮರುದಿನ ಬೆಳಗ್ಗೆ ನನ್ನ ಅಭಿಪ್ರಾಯಕ್ಕೆ ಉತ್ತರ ಬಂದಿತ್ತು. ಬರೆದವಳು ಅಂದು ಹಾಳೆಗಳಲ್ಲಿ ಅಕ್ಷರ ಬರೆಸಿಕೊಂಡು ಹೋಗಿದ್ದ ಅದೇ ಹುಡುಗಿ, ಈಗ ಅಕ್ಷರ ವಿನ್ಯಾಸಗಾರ್ತಿಯಂತೆ. ‘ಆ ಹಿರಿಯರ ಏಣಿಯ ಕೆಳಗೆ ನಿಂತು ನಾನು ಕಲಿತದ್ದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಅಂಥ ಕೈಯ ಬೆಲೆ ನಿಮ್ಮಂಥವರಿಗೆ ತಿಳಿಯುವುದಿಲ್ಲ. ಅವರಂತೆ ಒಂದು ಗೆರೆ ಎಳೆದು ತೋರಿಸಿ, ಆಮೇಲೆ ಮಾತಾಡಿ.’ ಅದರ ಕೆಳಗೆ ನಲವತ್ತು ಜನ ಸಾಲಾಗಿ ನಿಂತು ನನಗೆ ಉಗಿದಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈಯನ್ನು ಇಷ್ಟು ಜನ ಒಟ್ಟಿಗೆ ಹೊಗಳಿದ್ದು ಅದೇ ಮೊದಲು.

ತಡೆಯಲಾರದೆ, ಎರಡು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ, ‘ಆ ಬೋರ್ಡು ಬರಹಗಾರ ನಾನೇ’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಯಾರೋ ಉತ್ತರಿಸಿದರು: ‘ನಾಚಿಕೆ ಆಗೋದಿಲ್ವಾ? ಬೈಯೋದೂ ಬೈದು ಈಗ ಅವರ ಹೆಸರು ಬೇರೆ ಕದೀತೀರಾ?’ ಕದಿಯಲು ಅಲ್ಲಿ ಹೆಸರೇ ಇರಲಿಲ್ಲ ಎಂದು ವಾದಿಸಬಹುದಿತ್ತು. ಹೆಸರು ಬೇಡವೆಂದವನು ನಾನೇ ಎಂಬುದು ನೆನಪಾಗಿ ಕಂಪ್ಯೂಟರ್ ಆರಿಸಿದೆ. ಈಗ ಯಾರು ಬೇಕಾದರೂ ಹೋಗಿ ನೋಡಬಹುದು. ನನ್ನ ಅಕ್ಷರಗಳ ಕೆಳಗೆ ಕೊನೆಗೂ ನನ್ನ ಹೆಸರು ಬಂದಿದೆ, ಅಪ್ಪನ ಹೆಸರು ಸಮೇತ, ಅಳಿಸಲಾಗದ ಹಾಗೆ.

ಶುಕ್ರವಾರ ಬೋರ್ಡು ಬಂತು. ಬಿಳಿಯ ಮೇಲೆ ಕಡುನೀಲಿ, ಸುತ್ತ ಧಾರಾಳವಾಗಿ ಖಾಲಿ ಜಾಗ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಚೆನ್ನಾಗಿಯೇ ಬರೆದಿದ್ದೇನೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕೈಬೀಸಿ ಕರೆದಳು. ಭಾವಮೈದುನ ಮೊಳೆ ಹೊಡೆಯಲು ನನ್ನದೇ ಏಣಿ ಹತ್ತಿ ನಿಂತಿದ್ದ, ಕೆಳಗೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

ಹೋಗಿ ಹಿಡಿದುಕೊಂಡೆ. ಎರಡು ಮೊಳೆ ಹೊಡೆದು ಅವನು ಕೆಳಗೆ ಬಗ್ಗಿ ನೋಡಿ ಹೇಳಿದ:

“ಭಾವ, ಏಣಿ ಬಲಕ್ಕೆ ವಾಲ್ತಾ ಇದೆ. ಸ್ವಲ್ಪ ನೆಟ್ಟಗೆ ಹಿಡೀರಿ.”